ಒಂದೇ ಗೆರೆಯ ಜಾಗ

"ಉದ್ಯೋಗ ಏನಂತ ಬರೀಲ್ರಿ ಅಕ್ಕೋರ?"
ಕೇಳಿದ ಗುಮಾಸ್ತ. ಹೊಸ ಹುಡುಗ.
ದನಿಯಲ್ಲಿ ಭಾಲ್ಕಿ ಕಡೆಯ ಎಳೆತ, ಬಾಯಲ್ಲಿ ಸೋಂಪು.
ಅರ್ಜಿಯಲ್ಲಿ ಒಂದೇ ಗೆರೆಯ ಜಾಗವಂತೆ.
ಅದಕ್ಕೂ ಮೊದಲು ಶೇಕಡಾ ಎಷ್ಟೆಂದು ಕೇಳಿದ್ದ.
ನೂರು, ಅಂದಿದ್ದೆ,
ಶಾಲೆಯಲ್ಲಿ ಎಂದೂ ಬಾರದ ನೂರು.

ಬರಕೋ ತಮ್ಮಾ, ನಿಧಾನಕ್ಕೆ ಹೇಳುತ್ತೇನೆ.

ಇಪ್ಪತ್ತೆರಡರ ತನಕ ಕಣ್ಣಿತ್ತು.
ಮೈಲುತುತ್ತ ಸವರಿದ ಹೂಜಿಯ ಮೇಲೆ
ಕಂಠದಿಂದ ಕೆಳಗೆ ಬಳ್ಳಿ ಇಳಿಸುತ್ತಿದ್ದೆ.
ಗೆರೆ ತಪ್ಪಿದರೆ ಉಸ್ತಾದ್ ಮಸ್ತಾನಸಾಬರು
ಬೈಯುತ್ತಿರಲಿಲ್ಲ, ಕೆಮ್ಮುತ್ತಿದ್ದರು.
ಆಮೇಲೆ ದೀಪದ ಸುತ್ತ ಬಳೆ ಬಂತು,
ಬಳೆಯ ಸುತ್ತ ಮಬ್ಬು.
ಹೈದರಾಬಾದಿನ ಡಾಕ್ಟರು
ತಡವಾಯಿತೆಂಬುದನ್ನು ಮೂರು ಭಾಷೆಯಲ್ಲಿ ಹೇಳಿದರು.
ಮೂರರಲ್ಲೂ ಅದು ತಡವೇ ಆಗಿತ್ತು.

ಬಿದರಿಯ ಗುಟ್ಟು ಇಷ್ಟೇ:
ಉಳಿಯಿಂದ ಕೊರೆದ ಹಾದಿ ಬೆರಳಿಗೆ ಸಿಗುತ್ತದೆ,
ಬೆಳ್ಳಿತಂತಿ ಬಡಿದು, ಅರ ಹಾಕಿ, ನುಣುಪು ಮಾಡಿದೆಯೋ
ಹೂವು ಮಾಯ.
ಕಣ್ಣಿದ್ದವರಿಗೆ ಆಗ ಹುಟ್ಟುವ ಹೂವು
ನನಗೆ ಆಗಲೇ ಸಾಯುತ್ತದೆ.
ಇದಕ್ಕೇ ಅಂತ ಎರಡು ವರ್ಷ ಅತ್ತೆ,
ಜಾಸ್ತಿಯೇ ಇರಬೇಕು.

ಒಂದು ಸಂಜೆ ಉಸ್ತಾದರು ಕೋಟೆಯ ಮಣ್ಣು ತಂದು
ಅಂಗೈಗೆ ಸುರಿದರು: "ಚಖ್ ಕೋ ದೇಖ್, ಬೇಟಿ."
ನಾಲಿಗೆಗಿಟ್ಟೆ.
ಬಿಸಿಲು ಕಾಣದ, ಮಳೆ ಕಾಣದ ಮಣ್ಣು,
ಉಪ್ಪಲ್ಲ, ಕಹಿಯಲ್ಲ, ಒಂದು ಥರದ ಚುರುಕು.
ಕಪ್ಪು ಹಿಡಿದೀತೋ ಇಲ್ಲವೋ ಎಂದು
ಕಣ್ಣಿದ್ದವರೂ ನಾಲಿಗೆಯನ್ನೇ ಕೇಳಬೇಕು.
ಅವತ್ತಿನಿಂದ ಆ ಕಾರಖಾನೆಯಲ್ಲಿ
ಮಣ್ಣು ನೋಡುವ ಕೆಲಸ ನನ್ನದು.
ನೋಡುವ ಅಂತಲೇ ಬರಿ, ತಿದ್ದಬೇಡ.

ಫೋನಿನೊಳಗೆ ಓದಿ ಹೇಳುವ ಹೆಂಗಸಿದ್ದಾಳಲ್ಲ,
ಅವಳಿಗೆ ಕನ್ನಡ ಕಲಿಸುವವರಲ್ಲಿ ನಾನೊಬ್ಬಳು.
ತಪ್ಪುಗಳ ಪಟ್ಟಿ ಮಾಡಿ ಕಳಿಸುತ್ತೇನೆ.
ಸಂಬಳ ಬರುತ್ತದೆ, ಹೌದು, ಬ್ಯಾಂಕಿಗೇ.
ನಿಮ್ಮ ಭಾಲ್ಕಿಯನ್ನು ಬಾಲು, ಕಿ ಎಂದು
ಎರಡು ತುಂಡು ಮಾಡುತ್ತಿದ್ದಳು ಮೊದಲು.
ಒತ್ತಕ್ಷರ ಸಿಕ್ಕಲ್ಲೆಲ್ಲ ಎಡವುತ್ತಿದ್ದಳು,
ನಾನು ಈ ಕಚೇರಿಯ ಮೆಟ್ಟಿಲಲ್ಲಿ ಎಡವಿದ ಹಾಗೆ.

ಮೆಟ್ಟಿಲೂ ನನ್ನ ಉದ್ಯೋಗವೇ.
ಇಳಿಜಾರು ಕಟ್ಟಿಸಿ ಎಂದು ಹನ್ನೊಂದು ಅರ್ಜಿ.
ಕಟ್ಟಿಸಿದರು. ಅದರ ತುದಿಗೆ ಬಾಗಿಲಿಲ್ಲ,
ಜನರೇಟರ್ ಇದೆ.
ಗಾಲಿಕುರ್ಚಿಯ ಅಂಬುಬಾಯಿ ಮೇಲೆ ತನಕ ಹೋಗಿ
ಜನರೇಟರಿಗೆ ಶರಣು ಹೇಳಿ ಇಳಿದು ಬಂದಳು.
ಹೊಟ್ಟೆ ಹಿಡಿದು ನಕ್ಕೆವು.
ನಕ್ಕು, ಹನ್ನೆರಡನೆಯದು ಬರೆದೆವು.

ಬರೆಯುವುದನ್ನು ಬೇರೆ ಎಣಿಸಲೋ ಬೇಡವೋ ತಿಳಿಯದು.
ರಾತ್ರಿ ಫೋನಿಗೆ ಪಿಸುಗುಟ್ಟಿದ್ದನ್ನು
ಬೆಳಗ್ಗೆ ಅವಳು ಓದುತ್ತಾಳೆ,
ರೇಷನ್ ಪಟ್ಟಿ ಓದುವ ದನಿಯಲ್ಲಿ.
ಆ ದನಿಯಲ್ಲೂ ಬದುಕುಳಿದ ಸಾಲನ್ನು ಇಟ್ಟುಕೊಳ್ಳುತ್ತೇನೆ.
ಬಹಳ ಉಳಿಯುವುದಿಲ್ಲ.

ಈಗೀಗ ತಾಟಿನ ಅರ್ಧಕ್ಕೆ ಬೆಳ್ಳಿ,
ಇನ್ನರ್ಧ ಕೊರೆದು ಹಾಗೇ ಬಿಡುತ್ತೇನೆ.
ಕಪ್ಪಿನಲ್ಲಿ ಕಪ್ಪು ಹಳ್ಳ, ಕಣ್ಣಿಗೆ ಏನೂ ಇಲ್ಲ.
ಕೆಲಸ ಮುಗಿದಿಲ್ಲವಾ ಎನ್ನುತ್ತಾರೆ ಗಿರಾಕಿಗಳು.
ಮುಗಿದಿದೆ. ಆ ಅರ್ಧ ನಿಮಗಲ್ಲ.
ಮೊದಲ ತಾಟನ್ನು ಉಸ್ತಾದರ ಮಂಚದ ಬಳಿ ಒಯ್ದಿದ್ದೆ.
ಬಹಳ ಹೊತ್ತು ಕೈಯಾಡಿಸಿದರು.
ಕಾದೆ.
ಕೆಮ್ಮಲಿಲ್ಲ.

ಗುಮಾಸ್ತನ ಕುರ್ಚಿ ಕಿರುಗುಟ್ಟಿತು.
ಏನು ಬರೆದೆ ತಮ್ಮಾ?
"ನೀವು ಹೇಳೂಕಿಂತ ಮೊದಲೇ
ಇಲ್ಲ ಅಂತ ಬರದಬಿಟ್ಟಿದ್ದೆರಿ. ಹೊಡದ ಹಾಕ್ತೀನಿ."

ಗೀಚಿದ, ಒತ್ತಿ, ಎರಡು ಸಲ,
ಕಾಗದ ಹರಿಯುವ ಹಾಗೆ.
ಕೈ ಚಾಚಿ ಬೆರಳಿಟ್ಟೆ.
ಗೆರೆ ಸಿಕ್ಕಿತು.