ಬುದ್ಧಿ

ಬಿದಿರ ಕೊಳವೆಯೊಳಗಿದೆ ಕಾಗದ
ಇಲಿ ಮುಟ್ಟದ ಹಾಗೆ, ಬೇವಿನೆಲೆ ಸುತ್ತಿ.
ತಾತ ಕೊಳವೆಯನ್ನು ಬೋರಲು ಹಿಡಿದು ತಟ್ಟಿದರೆ
ಮೊದಲು ಉದುರುವುದು ಒಣಗಿದ ಬೇವು,
ಆಮೇಲೆ ಸರ್ಕಾರ.

'ಮಂಟಯ್ಯ ಬಿನ್ ರಾಚಯ್ಯ' ಎಂದಿದೆ ಅದರಲ್ಲಿ
ಮಳವಳ್ಳಿ ಕಚೇರಿಯ ನೇರಳೆ ಮೊಹರಿನ ಪಕ್ಕ.
ಅಲ್ಲಿಯವರೆಗೂ ಅವನು ಬರೀ ಮಂಟ.
ದೊಡ್ಡಮನೆಯ ಕೊಟ್ಟಿಗೆಯಿಂದ ಆಲೆಮನೆಯವರೆಗೆ
ಲೇ ಮಂಟ.
ಅಕ್ಕನ ಮದುವೆಗೆ ತಂದ ಎಂಬತ್ತು ರೂಪಾಯಿಗೆ
ಅವರಪ್ಪ ಹೆಬ್ಬೆಟ್ಟು ಒತ್ತಿದ ದಿನ
ಒಂಬತ್ತು ವರ್ಷದ ಹುಡುಗನ ಜೊತೆ
ಅವನ 'ಅಯ್ಯ'ನೂ ಒತ್ತೆ ಬಿದ್ದಿರಬೇಕು.

ಇಪ್ಪತ್ತೆರಡು ವರ್ಷ ಗಾಣಕ್ಕೆ ಕಬ್ಬು ಕೊಟ್ಟ,
ಕೊಪ್ಪರಿಗೆಯ ನೊರೆ ತೆಗೆದ,
ಕಬ್ಬಿನ ಹಾಲು ಕಾದು ಕಾದು ಬೆಲ್ಲವಾಯಿತು,
ಸಾಲ ಮಾತ್ರ ಎಂಬತ್ತರಲ್ಲೇ ನಿಂತು ಕುದಿಯುತ್ತಿತ್ತು.

ಏನು ಕೇಳಿದರೂ ಒಂದೇ ಉತ್ತರ: ಬುದ್ದೀ.
ಹೊಡೆದರೂ ಬುದ್ದೀ, ಹಳಸಿದ ಮುದ್ದೆ ಎಸೆದರೂ ಬುದ್ದೀ,
ಎರಡು ವರ್ಷದ ಸಣ್ಣ ಯಜಮಾನ
ಹೆಗಲ ಮೇಲೆ ಉಚ್ಚೆ ಹೊಯ್ದರೂ
ಸರಿ ಬುದ್ದೀ.

ಎಪ್ಪತ್ತಾರರಲ್ಲಿ ಜೀಪು ಬಂತು.
ಜೀತ ಹೋಯಿತು ಎಂದರು, ಮರದಡಿ ನಿಲ್ಲಿಸಿ ಓದಿದರು.
ಮರುದಿನ ಕೋಳಿ ಕೂಗುವ ಮುಂಚೆ
ತಾತ ದೊಡ್ಡಮನೆಯ ಕೊಟ್ಟಿಗೆಯಲ್ಲಿದ್ದ
ಸಗಣಿ ಬಾಚುತ್ತ.
ಕಾಲಿಗೆ ಓದಲು ಬರುತ್ತಿರಲಿಲ್ಲ.
ಅಜ್ಜಿ ಚಿಕ್ಕತಾಯಿ ಹಟ್ಟಿಯಿಂದ ಓಡಿಹೋಗಿ
ತೋಳು ಹಿಡಿದು ಎಳೆದು ತಂದಳಂತೆ.
ಗೊಂತಿನ ಎತ್ತು ಹಗ್ಗ ಜಗ್ಗಿ ನೋಡಿತಂತೆ.
ಅದನ್ನು ಹೇಳುವಾಗ ಮಾತ್ರ
ತಾತನ ಗಂಟಲು ಕಟ್ಟುತ್ತದೆ, ಇವತ್ತಿಗೂ.

ಚಿಕ್ಕಪ್ಪ ಹೊಂಬಾಳಯ್ಯನ ಕಾಲಕ್ಕೆ
ಜಗಳ ಬೆಂಚಿನದು.
ಹೋಟೆಲಿನೊಳಗೆ ಹೋಗಿ ಕೂತ, ಅಷ್ಟೆ.
ತಲೆಗೆ ಐದು ಹೊಲಿಗೆ, ಮೂರು ತಿಂಗಳು ಹೋಟೆಲಿಗೆ ಬೀಗ,
ಹಟ್ಟಿಗೆ ಕೂಲಿ ಇಲ್ಲ, ಅಂಗಡಿಯಲ್ಲಿ ಉಪ್ಪು ಇಲ್ಲ.
ಮತ್ತೆ ಬಾಗಿಲು ತೆರೆದಾಗ
ಊರಿಗೆಲ್ಲ ಒಂದೇ ಥರದ ಪ್ಲಾಸ್ಟಿಕ್ ಲೋಟ.
ಸಮಾನತೆ ಹೀಗೂ ಬರುತ್ತದೆ ನೋಡಿ
ಕುಡಿದು ಬಿಸಾಡುವ ಲೋಟದಲ್ಲಿ.

ಮೊನ್ನೆ ಪಿಂಚಣಿ ಸರಿಮಾಡಿಸಲು
ತಾತನನ್ನು ಕಚೇರಿಗೆ ಕರೆದುಕೊಂಡು ಹೋಗಿದ್ದೆ.
ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟ. ಕೆಂಪು ದೀಪ.
ಒರೆಸಿ ಇಟ್ಟ. ಕೆಂಪು.
ಗೆರೆಗಳೇ ಇಲ್ಲವಲ್ಲಮ್ಮ, ಎಂದ ಆಪರೇಟರು
ನಾನು ಅಳಿಸಿಬಿಟ್ಟೆನೇನೋ ಎಂಬಂತೆ ನನ್ನನ್ನೇ ನೋಡುತ್ತ.
ಕಬ್ಬಿನ ಗರಿ ತಿಂದಿತ್ತು, ಹಗ್ಗ ತಿಂದಿತ್ತು,
ಅವರಪ್ಪನ ಹೆಬ್ಬೆಟ್ಟಾದರೆ
ಒಂದೇ ಸಲಕ್ಕೆ ಮೂಡಿತ್ತು.

ಆಗ ಬಂದ ದೊಡ್ಡಮನೆಯ ಮೊಮ್ಮಗ,
ಪಹಣಿಗೆ, ಹೆಲ್ಮೆಟ್ಟು ಮೊಣಕೈಗೆ ಸಿಕ್ಕಿಸಿಕೊಂಡು.
ನಮ್ಮ ಹಿಂದೆಯೇ ಸಾಲಿನಲ್ಲಿ ನಿಂತ, ಮೊಬೈಲು ನೋಡುತ್ತ.
ತಾತನ ಸೊಂಟ ತಾನೇ ಬಾಗಿತು.
'ಬುದ್ದೀ...'
ಹುಡುಗ ತಲೆಯೆತ್ತಿದ, ತಿರುಗಿ ಹಿಂದೆ ನೋಡಿದ.
ಅವನ ಹಿಂದೆ ಗೋಡೆ, ಗೋಡೆಯ ಮೇಲೆ ಲಸಿಕೆಯ ಜಾಹೀರಾತು.
ಯಾರನ್ನು ಕರೆದದ್ದೋ ತಿಳಿಯದೆ
ಮತ್ತೆ ಮೊಬೈಲಿಗೆ ಬಗ್ಗಿದ.
ಪದ ನಡುವೆ ಬಿದ್ದಿತ್ತು. ಯಾರೂ ಎತ್ತಿಕೊಳ್ಳಲಿಲ್ಲ.

ಬಸ್ಸಿನಲ್ಲಿ ತಾತ ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ, 'ಓದ್ದೋಳು ನೀನು, ಯೋಳು,
ಬುದ್ದಿ ಅಂದ್ರೆ ಏನವ್ವ ಅರ್ತ?'
ಹೇಳಿದೆ: ತಿಳಿವಳಿಕೆ ತಾತ. ತಲೆ ಒಳಗೆ ಇರೋದು.
'ನಮ್ಮ ತಲೆ ಒಳಗ್ಲದಾ?'
ಹ್ಞೂಂ.
ಹಲ್ಲಿಲ್ಲದ ಬಾಯಿ ತೆರೆದು ನಕ್ಕ,
ಮುಂದಿನ ಸೀಟಿನವರು ತಿರುಗಿ ನೋಡುವ ಹಾಗೆ.
'ಎಲಾ ಇವ್ನ!
ಅದ್ನೂ ಅವ್ರ ಖಾತೆಗೇ ಬರ್ದಿದ್ನಲ್ಲವ್ವ ನಾನು.'

ಸೋಮವಾರ ಮತ್ತೆ ಹೋಗಬೇಕು.
ರಾತ್ರಿ ಹೆಬ್ಬೆಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿ
ಬಟ್ಟೆ ಸುತ್ತಿ ಮಲಗಿಸಿ, ಎಂದಿದ್ದಾರೆ.
ಗೆರೆ ಬಂದರೂ ಬರಬಹುದಂತೆ.