ಫಸ್ಟ್ ಡಿಗ್ರಿ

ಏಳನೇತ್ತೆ ನಪಾಸಾದವ ನಾನು,
ಐವತ್ತರ ಹೊಸ್ತಿಲಿನಾಗ ಡಿಗ್ರಿಗೆ ಕೂತೆ.
ರೇಕಿಯ ಮೊದಲ ಪಾಠಕ್ಕ ಹಂಗಂತಾರಂತ, ಫಸ್ಟ್ ಡಿಗ್ರಿ.
ಶೆಳಗಿಯ ಕನ್ನಡ ಶಾಲಿ, ಮ್ಯಾಲಿನ ಖೋಲಿ,
ಮೂರನೇತ್ತೆ ಹುಡುಗರ ಬೆಂಚು,
ಮೊಳಕಾಲು ಎದಿಗೆ ಹತ್ತಿದ್ದವು.

ಇಂದುಮತಿ ಸಿಸ್ಟರು ಸಿವಿಲ್ ದವಾಖಾನಿಯೊಳಗ
ಮೂವತ್ತೊಂದು ವರ್ಷ ಸೂಜಿ ಚುಚ್ಚಿದಾಕಿ.
ಮರಾಠಿಯಾಗ ಸುರು ಮಾಡಿ, ನಮ್ಮ ಮಾರಿ ನೋಡಿ,
ಕನ್ನಡಕ್ಕ ಹೊರಳಿ ಅಂದಳು:
"ಇದು ಔಷಧ ಅಲ್ಲ. ಸಕ್ಕರಿ ಗುಳಗಿ, ಬಿಪಿ ಗುಳಗಿ
ಯಾರೂ ಬಿಡಬ್ಯಾಡ್ರಿ. ಬಿಟ್ಟವರು ನನ್ನ ಕ್ಲಾಸೂ ಬಿಡ್ರಿ."

ರೇಕಿ ಅಂದರ ರೇಖಿ ಅಂತ ತಿಳಿದು ಬಂದಿದ್ದೆ,
ಅಂಗೈಯ ಗೆರಿ ನೋಡಿ ಏನರೆ ಹೇಳತಾರ ಅಂತ.
ಅಲ್ಲಂತ. ಜಪಾನದ ಮಾತಂತ.
"ನಮ್ಮವ್ವಂದಿರು ಕೈಗುಣ ಅಂತಿದ್ದರಲ್ಲ,
ಅದರ ದೂರದ ಬೀಗತಿ ಅನ್ಕೋರಿ."

ಕಾಲ ಮ್ಯಾಲ ಕಾಲ ಹಾಕಬಾರದು.
ಒತ್ತಬಾರದು, ತಿಕ್ಕಬಾರದು,
ಮಲಗಿದ ಕೂಸಿಗೆ ಹೊದಿಸಿದಂಗ ಕೈ ಇಡಬೇಕು.
ಕಣ್ಣ ಮ್ಯಾಲ ಮೂರು ನಿಮಿಷ, ಕಿವಿಗೆ ಮೂರು,
ಹಿಂದಲೆಗೆ, ಗಂಟಲಿಗೆ, ಎದಿಗೆ, ಹೊಟ್ಟಿಗೆ.
ಮೂರು ನಿಮಿಷಕ್ಕೊಮ್ಮೆ ಮೊಬೈಲಿನೊಳಗ ಗಂಟಿ,
ಕೇಳಿದಾಗೊಮ್ಮೆ ನನಗ ಕುಲ್ಫಿ ಗಾಡಿಯ ನೆನಪು.

"ಇವತ್ತೊಂದಿನ ಸಿಟ್ಟು ಬ್ಯಾಡ.
ಇವತ್ತೊಂದಿನ ಚಿಂತಿ ಬ್ಯಾಡ."
"ನಾಳಿಗೆ?" ಅಂದಳು ಬೀಡಿ ಕಟ್ಟುವ ಪದ್ದಕ್ಕ.
"ನಾಳೆನೂ ಇವತ್ತು ಅಂತ ಹೆಸರು ಹೇಳಿಕೊಂಡ ಬರತದವ್ವಾ."

ಎಲ್ಲಾರೂ ಅಂಗೈ ಬಿಚ್ಚಿದಾಗ
ನನ್ನ ಬಲಗೈ ತೊಡೆಯ ಕೆಳಗಿತ್ತು.
ಹನ್ನೊಂದು ವರ್ಷದ ಹಿಂದ, ರಾತ್ರಿ ಪಾಳಿಯಾಗ,
ಸಾಂಚಾದ ಪಟ್ಟಾ ಎರಡು ಬೆರಳು ತಿಂದಿತ್ತು.
ಮಾಲಕ ಎರಡು ಚಾದರ ಕೊಟ್ಟಿದ್ದ, ಬೆರಳಿಗೊಂದರಂಗ.
ನವಿಲಿನವು.
ಇನ್ನೂ ಬಣ್ಣ ಬಿಟ್ಟಿಲ್ಲ.

"ಸಿಸ್ಟರ್, ನನಗ ಎಂಟೇ ಅದಾವ. ನಡೀತದೇನು?"
ಆಕಿ ಉತ್ತರ ಕೊಡಲಿಲ್ಲ.
ಕೈ ಹೊರಗ ತಗದು, ಬೆಳಕಿಗೆ ಹಿಡಿದು,
"ಯಾರು ಹಾಕಿದ್ದು ಈ ಟಾಕಿ? ಬರೋಬರಿ ಇಲ್ಲ" ಅಂತ ಬೈದು,
ತನ್ನ ಕೈ ಅದರ ಮ್ಯಾಲ ಇಟ್ಟು ಸುಮ್ಮನಾದಳು.

ಮೊದಲು ಏನೂ ಇಲ್ಲ.
ಗೋಡಿಗೆ ಮಗ್ಗಿಯ ಹಾಳಿ. ಫ್ಯಾನಿನ ಕಿರಿಕಿರಿ.
ಎರಡನೇ ಗಂಟಿ.
ಆಮ್ಯಾಲ ಬಿಸಿ ಬಂತು. ಅಂಗೈಗಲ್ಲ,
ಇಲ್ಲದ ಬೆರಳಿನ ತುದಿಗೆ.
ಇಷ್ಟು ವರ್ಷ ಬರೀ ತುರಿಸುತಿದ್ದವು ಅವು,
ಬಾಕಿ ಕೇಳುವವರಂಗ ಅಪರಾತ್ರಿ ಬಂದು.
ಈಗ ರೊಟ್ಟಿಯ ಹಂಚಿನ ಬಾಜೂಕ ಹಿಡಿದಂಗ
ಬೆಚ್ಚಗ, ಎರಡೂ.
ಅದೇನೋ ಶಕ್ತಿಯೋ, ಸಿಸ್ಟರಿನ ಮೈಯ ಬಿಸಿಯೋ,
ಆ ಕೈಯನ್ನ ಯಾರೂ ಹಿಡಿದೇ ಇರಲಿಲ್ಲ, ಅದಕ್ಕೋ,
ನನಗ ಗೊತ್ತಿಲ್ಲ. ಏಳನೇತ್ತೆ ನಪಾಸು.

"ಇಪ್ಪತ್ತೊಂದು ದಿನ ನಿಮ್ಮ ಕೈ ನಿಮ್ಮ ಮೈಮ್ಯಾಲ.
ಮಂದಿ ಉಸಾಬರಿ ಆಮ್ಯಾಲ."
ಇಟ್ಟೆ. ಹೊಟ್ಟಿ ಹಗುರಾತು, ನಿದ್ದಿ ಒಂದೀಟು ಬಂತು.
ಕಿವಿಯೊಳಗಿನ ಖಟಾಖಟ್ ಮಾತ್ರ ನಿಲ್ಲಲಿಲ್ಲ.
ನಾ ಸತ್ತ ಮ್ಯಾಲೂ ಅದು
ಅರ್ಧ ತಾಸು ನೇಯಬಹುದು.

ಹದಿನಾರನೇ ದಿನ ನೇಮ ಮುರಿದೆ.
ಮಗಳು ಉಜ್ವಲಾ, ನಾಳಿ ಬಾರಾವಿಯ ಗಣಿತ,
ಅರೆದಲಿ ಬ್ಯಾನಿ ಎದ್ದು ಗೋಡಿಗೆ ಹಣಿ ಹಚ್ಚಿದ್ದಳು.
ಮೊದಲು ಗುಳಗಿ ಕೊಟ್ಟೆ.
ಆಮ್ಯಾಲ ಹಿಂದಲೆಗೆ ಕೈ.
"ಅಪ್ಪಾ, ನೂಲಿನ ವಾಸನಿ ಬರತದ."
"ತೆಗೀಲೇನು?"
"ಬ್ಯಾಡ."

ಮೊಬೈಲು ಆಚಿ ಖೋಲಿಯಾಗ ಚಾರ್ಜಿಗಿತ್ತು.
ಕೈ ಎತ್ತದನ, ಬೆರಳಿನ ಮ್ಯಾಲ ಉಸಿರು ಎಣಿಸಿದೆ,
ಆಕಿದೋ ನನ್ನದೋ,
ಹತ್ತರತನಕ.