ಮೂರನೇ ಕವಾಟದ ಗಂಟು

ಸೂರ್ ಊರಿನ ಕಡಲಂಚಿಗೆ, ಉಪ್ಪು ಬಸಿದು
ಸಿಹಿನೀರು ಮಾಡುವ ನಮ್ಮ ಸ್ಥಾವರದಲ್ಲಿ
ಮೊದಲು ಹನ್ನೆರಡು ಹಿಡಿಗಳಿದ್ದವು ಸಾಲಾಗಿ,
ಒಂದೇ ಎರಕ, ಒಂದೇ ಬೂದುಬಣ್ಣ,
ಒಬ್ಬಳೇ ತಾಯಿಯ ಹನ್ನೆರಡು ಅವಳಿಗಳನ್ನು ನಿಲ್ಲಿಸಿ
ಕತ್ತಲಲ್ಲಿ ಹೆಸರು ಹಿಡಿದು ಕರೆ ಅಂದಂತೆ.

ಖಮೀಸ್ ದೂರು ಕೊಡಲಿಲ್ಲ.
ದೋಣಿ ಕಟ್ಟುವವರ ಮಗ. ಒಂದು ದಿನ
ಮೂರನೆಯ ಹಿಡಿಗೆ ಬಲೆಯ ನೂಲು ಸುತ್ತಿ
ಗಂಟು ಬಿಗಿದ. ಏಳನೆಯದಕ್ಕೆ ಸೈಕಲ್ಲಿನ ಹಳೇ ಟ್ಯೂಬು.
ಕೈಗೂ ಕಣ್ಣಿರಲಿ, ಅಂದ ಅರಬಿಯಲ್ಲಿ,
ಅಥವಾ ನನಗೆ ಹಾಗೆ ಅರ್ಥವಾಯಿತು.
ಗಂಗೊಳ್ಳಿಯಲ್ಲಿ ನನ್ನಜ್ಜಿ ಹಾಕುತ್ತಿದ್ದ ಗಂಟೂ ಅದೇ.

ಆಮೇಲೆ ಗಾಜು ಬಂತು.
ಗೋಡೆಯಗಲ ಪರದೆ, ನಯವೆಂದರೆ ನಯ,
ತಡವಿದರೆ ಬೆರಳಿಗೆ ಏನೂ ಸಿಗದು.
ಪಂಪುಗಳು ಬೆಳ್ಳಿ ಚೊಂಬಿನ ಹಾಗೆ ಮಿನುಗುತ್ತ ತಿರುಗುವವು,
ನಿಂತ ಪಂಪೂ ತಿರುಗುವುದು, ಚಿತ್ರ ಚೆಂದ ಇರಲೆಂದು.
ಅರಬಿಗೆ ಬದಲಿಸಿದರೆ ಕಡಲು ಎಡದಿಂದ ಎದ್ದು
ಬಲಕ್ಕೆ ಹೋಗಿ ಕೂರುತ್ತದೆ;
'ಹಿಂದೆ' ಎಂಬ ಬಾಣ ಮುಂದಕ್ಕೆ ನೋಡುತ್ತದೆ.

ಆ ರಾತ್ರಿ ಲೋಳೆಮೀನು ಬಂದವು,
ಲಕ್ಷಗಟ್ಟಲೆ, ಗಂಜಿಯ ಹಾಗೆ,
ನೀರು ಸೇದುವ ಬಾಯಿಗೆ ಬಂದು ಅಡರಿದವು.
ಒಂದೇ ನಿಮಿಷಕ್ಕೆ ಮುನ್ನೂರು ಎಚ್ಚರಿಕೆ.
ಕಕ್ಕಸಿನ ಬಲ್ಬು ಸುಟ್ಟಿದ್ದಕ್ಕೂ ಕೆಂಪು,
ಕಡಲು ಗಂಟಲಿಗೆ ಸಿಕ್ಕಿದ್ದಕ್ಕೂ ಅದೇ ಕೆಂಪು.
ಮೂರನೇ ಕವಾಟ ಮುಚ್ಚಬೇಕು. ಹುಡುಕಿದೆ.
ಪಟ್ಟಿಯೊಳಗೊಂದು ಪಟ್ಟಿ, ಅದರೊಳಗೆ ಮೂರು ಚುಕ್ಕಿ.
ಖಾತ್ರಿಯೇ? ಕೇಳಿತು. ಹೌದು.
ನಿಜವಾಗಿ ಖಾತ್ರಿಯೇ? ಹೌದು ಮಾರಾಯ.
ಹೌದು ಇದ್ದ ಜಾಗದಲ್ಲಿ
ಈ ಸಲ ಬೇಡ ಬಂದು ಕೂತಿತ್ತು.

ವರದಿಯಲ್ಲಿ ಬರೆದರು: ಮಾನವ ದೋಷ.
ಮಾನವ ಅಂದರೆ ನಾನು.
ಎರಡು ದಿನ ಊರಿಗೆಲ್ಲ ಟ್ಯಾಂಕರ್ ನೀರು.
ಅಂಗಡಿಯ ಬೀರಾನ್ ಕುಟ್ಟಿ ಬಾಟಲಿ ನೀರಿನ ಚಹಾ ಕೊಟ್ಟ,
ಹಳೇ ರೇಟಿಗೇ. ಏನೂ ಕೇಳಲಿಲ್ಲ.

ಮರುವಾರ ಆರ್ನೆಲ್
ಮೂರರ ಗುಂಡಿಯನ್ನು ಒಳಗಿಂದ ಎಳೆದು ಹೊರಗಿಟ್ಟ.
ಖಮೀಸ್ ಅದರ ನೇರಕ್ಕೆ, ಗಾಜಿನ ಅಂಚಿಗೆ,
ಆ ಹಳೇ ಗಂಟನ್ನು ಅಂಟಿಸಿದ.
ತಪಾಸಣೆಗೆ ಬಂದವರು ಕೀಳಿಸಿದರು.
ಅಂಟಿನ ಕಲೆ ಹೋಗಲಿಲ್ಲ, ಸ್ಪಿರಿಟ್ಟಿಗೂ.

ಕರೆಂಟು ಮಿಟುಕಿದರೆ ನನ್ನ ಹೆಬ್ಬೆರಳು
ಈಗಲೂ ಮೊದಲು ಆ ಒರಟನ್ನು ಮುಟ್ಟಿ
ಅಲ್ಲಿಂದ ಎಣಿಸಿಕೊಂಡು ಬರುತ್ತದೆ.